ಕೈ ಕಟ್, ಬಾಯ್ ಮುಚ್!

ಹೋದ ಮಳೆಗಾಲದ ಒಂದು ಸಂಜೆ. ರಾಜಾಜಿನಗರದ ನಮ್ಮ ಪ್ರೆಸ್ಸಿಗೆ ಒಬ್ಬ ಹುಡುಗ ಪೆನ್‌ಡ್ರೈವ್ ಹಿಡಿದು ಬಂದ. ಪಿಎಚ್.ಡಿ. ಪ್ರಬಂಧ. ಐದು ಪ್ರತಿ, ರೆಕ್ಸಿನ್ ಬೈಂಡಿಂಗು, ಮೇಲೆ ಬಂಗಾರದ ಅಕ್ಷರ. ವಿಷಯ: ಕನ್ನಡ ಸಾಹಿತ್ಯ ಮತ್ತು ವಸಾಹತೋತ್ತರ ಚಿಂತನೆ. ಯಾವ ವಿಶ್ವವಿದ್ಯಾಲಯ, ಯಾವ ಗೈಡು ಎಂದು ಕೇಳಬೇಡಿ. ಹೇಳಿದರೆ ಹುಡುಗನ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ.

ಪ್ರಿಂಟ್ ಮುಗಿದು ಬೈಂಡಿಂಗಿಗೆ ಹೋಗಬೇಕು ಅನ್ನುವಾಗ ಹುಡುಗ ಓಡೋಡಿ ಬಂದ. ಮೂರನೇ ಅಧ್ಯಾಯದಲ್ಲಿ ಎರಡು ಪುಟ ತೆಗೆಯಬೇಕಂತೆ. ಪುಟ ಜೋಡಿಸುವಾಗ ಆ ಎರಡು ಪುಟ ನಾನು ಓದಿದ್ದೆ. ಇಡೀ ಪ್ರಬಂಧದಲ್ಲಿ ಹುಡುಗನ ಸ್ವಂತ ದನಿ ಕೇಳಿಸುತ್ತಿದ್ದದ್ದೇ ಅಲ್ಲಿ. ತನ್ನ ಗೈಡ್ ಹಿಂದೆಂದೋ ಬರೆದ ಒಂದು ಮಾತನ್ನು ಮರ್ಯಾದೆಯಿಂದಲೇ ಒಪ್ಪದೆ, ಯಾಕೆ ಒಪ್ಪುವುದಿಲ್ಲ ಎಂದು ಬರೆದಿದ್ದ.

"ಯಾಕಪ್ಪಾ ತೆಗೀತೀಯ?" ಎಂದೆ.

"ಗೈಡ್ ಬೇಡ ಅಂದ್ರು ಸಾರ್."

"ಯಾಕೆ ಬೇಡ ಅಂತ ಕೇಳಿದ್ಯಾ?"

ಹುಡುಗ ನಕ್ಕ. "ಕೇಳಕ್ಕಾಗುತ್ತಾ ಸಾರ್? ಸೈನ್ ಆಗ್ಬೇಕಲ್ಲ."

ಅಷ್ಟರಲ್ಲಿ ಅವನ ಫೋನ್ ಬಂತು. ಗೈಡ್ ಸಾಹೇಬರದ್ದೇ. ಪೇಪರ್ ಬಂಡಲ್ ಮೇಲೆ ಕುಳಿತಿದ್ದವನು ದಡಕ್ಕನೆ ಎದ್ದ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ತಾನಾಗಿಯೇ ಎದೆಗೆ ಬಂತು. ಬೆನ್ನು ಬಗ್ಗಿತು. ಆ ಕಡೆ ಇದ್ದವರಿಗೆ ಇದೇನೂ ಕಾಣುವುದಿಲ್ಲ. ಆದರೂ ಬಗ್ಗಿತು!

ಮೂವತ್ತು ವರ್ಷದ ಗಂಡಸು. ಬಿಳಿಯರ ಗುಲಾಮಗಿರಿಯ ಬಗ್ಗೆ ಇನ್ನೂರೈವತ್ತು ಪುಟ ಬರೆದವನು. ಎರಡು ಪುಟ ಕಿತ್ತು ನನ್ನ ಕಸದ ಬುಟ್ಟಿಗೆ ಹಾಕಿ ಹೋದ.

ಅಂದಿನಿಂದ ನನ್ನ ತಲೆಯೊಳಗೆ ಒಂದು ಹುಳ ಕೊರೆಯುತ್ತಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಾಹೇಬ ಹೋದ, ಕುರ್ಚಿ ಉಳಿಯಿತು

ನಾನು ಪಿಯುಸಿ ಓದಿದವನು. ದೊಡ್ಡ ಸಿದ್ಧಾಂತಗಳು ನನಗೆ ಗೊತ್ತಾಗಿದ್ದು ಬೇರೆಯವರ ಪ್ರೂಫ್ ತಿದ್ದಿ ತಿದ್ದಿ. 'ವಸಾಹತೋತ್ತರ' ಎಂಬ ನಾಲಿಗೆ ತಿರುಚುವ ಶಬ್ದದ ಒಳಗೆ ಇರುವುದು ಸರಳ ಮಾತು. ಬಿಳಿ ಸಾಹೇಬ ಗಂಟುಮೂಟೆ ಕಟ್ಟಿಕೊಂಡು ಹೋದ. ಆದರೆ ಅವನು ಕುಳಿತಿದ್ದ ಕುರ್ಚಿ ನಮ್ಮ ತಲೆಯೊಳಗೆ ಉಳಿಯಿತು. ಅದರ ಮೇಲೆ ಈಗ ಯಾರು ಕೂತಿದ್ದಾರೆ ನೋಡಿ. ಅಷ್ಟೇ.

1835ರಲ್ಲಿ ಮೆಕಾಲೆ ತನ್ನ ಟಿಪ್ಪಣಿ ಬರೆದ. ಆಳುವ ಕೆಲವರಿಗೂ ಆಳಿಸಿಕೊಳ್ಳುವ ಕೋಟ್ಯಂತರ ಜನರಿಗೂ ನಡುವೆ ನಿಲ್ಲುವ, ರಕ್ತ ಬಣ್ಣದಲ್ಲಿ ಭಾರತೀಯ ಆದರೆ ರುಚಿ ಬುದ್ಧಿಯಲ್ಲಿ ಇಂಗ್ಲಿಷಿನವನಾದ ಒಂದು ವರ್ಗ ಬೇಕು ಅನ್ನುವುದು ಅವನ ಲೆಕ್ಕ. ಇಂಥ ನಡುವಿನವನಿಗೆ ಪ್ರಶ್ನೆ ಕೇಳುವ ಬುದ್ಧಿ ಯಾಕೆ? ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ತಪ್ಪಿಲ್ಲದೆ ಒಪ್ಪಿಸಿದರೆ ಸಾಕು. ಇವತ್ತಿನ ನಮ್ಮ ನೋಟ್ಸು, ಗೈಡು, ಬಾಯಿಪಾಠ, ಮಾರ್ಕ್ಸ್ ಕಾರ್ಡು ನೋಡಿದರೆ ಆ ಲೆಕ್ಕ ಇನ್ನೂ ನಡೆಯುತ್ತಿದೆ ಅನಿಸುತ್ತದೆ.

ಆಫ್ರಿಕಾದ ಕೀನ್ಯಾದಲ್ಲಿ ಗೂಗಿ ವಾ ಥಿಯಾಂಗೋ ಎಂಬ ಲೇಖಕರಿದ್ದರು. 2025ರ ಮೇನಲ್ಲಿ ತೀರಿಕೊಂಡರು. 1986ರಲ್ಲಿ ಅವರು ಬರೆದ 'ಡಿಕಾಲನೈಸಿಂಗ್ ದ ಮೈಂಡ್' ಪುಸ್ತಕ ಕನ್ನಡಕ್ಕೂ ಬಂದಿದೆ. ಅದರಲ್ಲಿ ತಮ್ಮ ಶಾಲೆಯ ಕಥೆ ಹೇಳುತ್ತಾರೆ. ಶಾಲೆಯ ಹತ್ತಿರ ಮನೆಮಾತು ಗಿಕುಯು ಆಡಿ ಸಿಕ್ಕಿಬಿದ್ದ ಮಗುವಿಗೆ ಏಟು, ಇಲ್ಲವೇ ದಂಡ, ಇಲ್ಲವೇ 'ನಾನು ದಡ್ಡ', 'ನಾನು ಕತ್ತೆ' ಎಂದು ಬರೆದ ಫಲಕ ಕೊರಳಿಗೆ. ಹಿಡಿಯುವ ವಿಧಾನ ಇನ್ನೂ ನೀಚ. ಒಂದು ಗುಂಡಿಯನ್ನು ಒಬ್ಬ ಹುಡುಗನ ಕೈಗೆ ಕೊಡುತ್ತಿದ್ದರು. ಮನೆಮಾತು ಆಡಿದವನ ಕೈಗೆ ಅವನು ಅದನ್ನು ದಾಟಿಸಬೇಕು. ಸಂಜೆ ಯಾರ ಕೈಯಲ್ಲಿದೆಯೋ ಅವನು ತನಗೆ ಕೊಟ್ಟವನ ಹೆಸರು ಹೇಳಬೇಕು, ಅವನು ಇನ್ನೊಬ್ಬನ ಹೆಸರು. ಮಕ್ಕಳನ್ನೇ ಮಕ್ಕಳ ಮೇಲೆ ಗೂಢಚಾರರನ್ನಾಗಿ ಮಾಡುವ ವಿದ್ಯೆ!

ಇದನ್ನು ಓದಿದಾಗ ನನಗೆ ಬೆವರಿತು. ಕಾರಣ ಹೇಳುತ್ತೇನೆ.

ನಾನೇ ಅಚ್ಚು ಹಾಕಿದ ಪಾಪ

ನಮ್ಮ ಪ್ರೆಸ್ಸಿನ ಹೊಟ್ಟೆ ತುಂಬುವುದು ಕಥೆ ಕವನದಿಂದಲ್ಲ. ಬಿಲ್ ಬುಕ್, ಲಗ್ನಪತ್ರಿಕೆ, ರಾಜ್ಯೋತ್ಸವದ ಕರಪತ್ರ, ಜೊತೆಗೆ ಪ್ರತಿ ಮೇ ತಿಂಗಳು ಶಾಲೆಗಳ ಡೈರಿ. ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಏಳು ವರ್ಷ ಡೈರಿ ಮಾಡಿಕೊಟ್ಟೆ. ನಾಲ್ಕನೇ ಪುಟದಲ್ಲಿ ನಿಯಮಗಳು. ಒಂಬತ್ತನೆಯದು: ಶಾಲೆಯ ಆವರಣದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಿದರೆ ದಂಡ. ಆಡಿದವರ ಹೆಸರು ಕ್ಲಾಸ್ ಲೀಡರ್ ಬರೆದುಕೊಡಬೇಕು.

ಕ್ಲಾಸ್ ಲೀಡರ್! ಕೀನ್ಯಾದ ಗುಂಡಿ ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಬಂದು ಕೂತಿದೆ. ಅದನ್ನು ನಾನೇ ವರ್ಷಕ್ಕೆ ಸಾವಿರದ ಇನ್ನೂರು ಪ್ರತಿ ಅಚ್ಚು ಹಾಕಿ, ದುಡ್ಡು ಎಣಿಸಿಕೊಂಡಿದ್ದೇನೆ. ಅದೇ ಮೆಷಿನ್ನಿನಲ್ಲಿ ಅಕ್ಟೋಬರಿನಲ್ಲಿ 'ಕನ್ನಡ ಉಳಿಸಿ ಬೆಳೆಸಿ' ಕರಪತ್ರ. ಅದೇ ಶಾಯಿ, ಅದೇ ಕೈ. ಏಳು ವರ್ಷ ನನಗೆ ಏನೂ ಅನಿಸಲಿಲ್ಲ. ಅನಿಸಲಿಲ್ಲ ಅನ್ನುವುದೇ ನನ್ನ ರೋಗ.

ಇಲ್ಲಿಯವರೆಗೆ ಓದಿದ ಕನ್ನಡದ ಹುಡುಗರು 'ನೋಡಿದ್ರಾ ಇಂಗ್ಲಿಷ್ ಶಾಲೆಗಳ ಸೊಕ್ಕು' ಎಂದು ಮೇಜು ಗುದ್ದಿರಬಹುದು. ಗುದ್ದಿ. ಆದರೆ ಇನ್ನೊಂದು ಕೈಯನ್ನು ಎದೆಯ ಮೇಲೆ ಇಟ್ಟುಕೊಳ್ಳಿ. ಮುಂದಿನ ಮಾತು ನಮ್ಮ ಬಗ್ಗೆ.

ಅಕ್ಕಿ ಹಾರಿದ ದಿನ

ನಾನು ಓದಿದ್ದು ಕನ್ನಡ ಮೀಡಿಯಂನಲ್ಲಿ. ನಮ್ಮ ಮನೆಯವರು ಮಾಗಡಿ ಕಡೆಯ ಹಳ್ಳಿಯಿಂದ ಬಂದವರು. ನಮ್ಮ ಮನೆಮಾತಿನಲ್ಲಿ ಹಕಾರ ಇಲ್ಲ. ಹಾಲು ಆಲು, ಹಸು ಅಸ, ಹೋಗು ಓಗು. ಐದನೇ ಕ್ಲಾಸಿನಲ್ಲಿ ಪಾಠ ಓದುತ್ತಾ "ಮರದ ಮೇಲೆ ಅಕ್ಕಿ ಕೂತಿತ್ತು" ಎಂದೆ. ಕನ್ನಡದ ಮೇಷ್ಟ್ರು ಪುಸ್ತಕ ಮುಚ್ಚಿದರು. "ಸೋನಾಮಸೂರಿನೋ, ದಪ್ಪಕ್ಕಿನೋ?" ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಬೆಂಚಿನ ಮೇಲೆ ನಿಲ್ಲಿಸಿ ಇಪ್ಪತ್ತು ಸಲ 'ಹಕ್ಕಿ' ಅನ್ನಿಸಿದರು. ಆಮೇಲೆ ಹತ್ತನೇ ಕ್ಲಾಸು ಮುಗಿಯುವವರೆಗೆ ನಾನು ಕೈ ಎತ್ತಿ ಒಂದು ಪ್ರಶ್ನೆ ಕೇಳಲಿಲ್ಲ. ನನಗೆ ಯಾರೂ ಫಲಕ ಕಟ್ಟಲಿಲ್ಲ, ನಿಜ. 'ಅಕ್ಕಿ' ಎಂಬ ಅಡ್ಡಹೆಸರೇ ಐದು ವರ್ಷ ಕೊರಳಲ್ಲಿ ನೇತಾಡಿತು.

ಅದೇ ಹೊತ್ತಿಗೆ ನಮ್ಮಪ್ಪ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಅವರ ಬಾಯಲ್ಲಿ 'ಅಕ್ಕಿ' ಎಂದೇ ಬರುತ್ತಿತ್ತು, ಕೈಯಲ್ಲಿ 'ಹಕ್ಕಿ' ಎಂದೇ ಕೂರುತ್ತಿತ್ತು. ಪ್ರೊಫೆಸರುಗಳ ಕೈಬರಹದ ತಪ್ಪನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ ತೋರಿಸುತ್ತಿದ್ದರು. ಮೇಷ್ಟ್ರ ಪ್ರಕಾರ ಅವರಿಗೆ ಕನ್ನಡ ಬರುವುದಿಲ್ಲ!

ಈಗ ಹೇಳಿ. ಇಂಗ್ಲಿಷ್ ಟೀಚರು ನನ್ನ ಕನ್ನಡ ಕೇಳಿ ನಕ್ಕರೆ ಅದು ಗುಲಾಮಗಿರಿ. ಕನ್ನಡದ ಮೇಷ್ಟ್ರು ನಮ್ಮವ್ವನ ಕನ್ನಡ ಕೇಳಿ ನಕ್ಕರೆ ಅದು ಭಾಷಾಶುದ್ಧಿಯೇ? ಮೆಟ್ಟಿಲು ಬೇರೆ, ಏಣಿ ಒಂದೇ. ಲಂಡನ್ನಿನ ಇಂಗ್ಲಿಷು ಬೆಂಗಳೂರಿನ ಇಂಗ್ಲಿಷನ್ನು ನೋಡಿ ನಗುತ್ತದೆ. ಬೆಂಗಳೂರಿನ ಇಂಗ್ಲಿಷು ಕನ್ನಡವನ್ನು ನೋಡಿ ನಗುತ್ತದೆ. ಪುಸ್ತಕದ ಕನ್ನಡ ಕೇರಿಯ ಕನ್ನಡವನ್ನು, ಹಟ್ಟಿಯ ಕನ್ನಡವನ್ನು ನೋಡಿ ನಗುತ್ತದೆ. ಕೊನೆಯ ಮೆಟ್ಟಿಲಲ್ಲಿ ನಿಂತ ಮಗು ಯಾರನ್ನು ನೋಡಿ ನಗಬೇಕು? ಅದು ಶಾಲೆ ಬಿಡುತ್ತದೆ.

ಹಕಾರ ಕಲಿಸಬೇಡಿ ಎನ್ನುತ್ತಿಲ್ಲ. ಬರೆಯುವ ಕನ್ನಡ ಎಲ್ಲ ಮಕ್ಕಳಿಗೂ ಬೇಕು. ಅದಿಲ್ಲದೆ ಪ್ರೆಸ್ ಮಾಲೀಕನಾಗಿ ನಾನು ಬದುಕುತ್ತಿರಲಿಲ್ಲ. ನಿನ್ನ ಮನೆಯಲ್ಲಿ ಹೀಗನ್ನುತ್ತೀರಿ, ಬರೆಯುವಾಗ ಹೀಗೆ ಬರೆಯುತ್ತೇವೆ ಎಂದರೆ ಮಗು ಎರಡನ್ನೂ ಇಟ್ಟುಕೊಳ್ಳುತ್ತದೆ. ನಿಮ್ಮ ಮನೆಯದು ತಪ್ಪು ಎಂದರೆ ಎರಡನ್ನೂ ಕಳೆದುಕೊಳ್ಳುತ್ತದೆ. ಡಿ.ಎನ್. ಶಂಕರ ಭಟ್ಟರು ಜೀವಮಾನವಿಡೀ ವಾದಿಸಿದ್ದೇ ಇದರ ಹತ್ತಿರದ ಮಾತನ್ನು. ಕನ್ನಡಕ್ಕೆ ಸಂಸ್ಕೃತದ ಅಳತೆಗೋಲು ಬೇಡ, ಕನ್ನಡದ್ದೇ ವ್ಯಾಕರಣ ಬೇಕು, ಜನ ಉಚ್ಚರಿಸದ ಮಹಾಪ್ರಾಣಗಳನ್ನು ಬರಹದಲ್ಲಿ ಹೊತ್ತು ತಿರುಗುವುದರಿಂದ ಕಲಿಯುವವರಿಗೇ ಭಾರ ಎಂದರು. ಅವರ ಬರಹವನ್ನು ಪೂರ್ತಿ ಒಪ್ಪಬೇಕಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು.

ಇನ್ನೊಂದು ತಮಾಷೆ. ಪ್ರತಿ ನವೆಂಬರ್ ಒಂದಕ್ಕೆ ವಿಜಯನಗರದಿಂದ ಕೆಂಗೇರಿಯವರೆಗೆ ಆರ್ಕೆಸ್ಟ್ರಾದವರು ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ಹಾಡುತ್ತಾರೆ. ನಾವು ಕುಣಿಯುತ್ತೇವೆ. ಅದು ಹೆಂಡಗುಡುಕನ ಬಾಯಿಮಾತಿನ ಕನ್ನಡ. ಮಾರನೇ ದಿನ ಅದೇ ಕನ್ನಡವನ್ನು ಒಬ್ಬ ಹುಡುಗ ಕ್ಲಾಸಿನಲ್ಲಿ ಆಡಲಿ, ಬೆಂಚಿನ ಮೇಲೆ ನಿಲ್ಲುತ್ತಾನೆ. ದೇವನೂರ ಮಹಾದೇವ ಅವರ 'ಕುಸುಮಬಾಲೆ' ಚಾಮರಾಜನಗರ, ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಬಂದ ಪುಸ್ತಕ. ಅದಕ್ಕೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ದೆಹಲಿ ತಲೆಬಾಗಿದ ಕನ್ನಡಕ್ಕೆ ನಮ್ಮ ಕ್ಲಾಸಿನಲ್ಲಿ ಜಾಗವಿಲ್ಲ.

ಗುರು ಎಂದರೆ ಪ್ರಶ್ನೆ ಕೇಳಬಾರದವನೇ?

'ಗುರುವಿಗೆ ಎದುರಾಡಬಾರದು, ಇದು ನಮ್ಮ ಸಂಸ್ಕೃತಿ' ಎಂದು ಹಿರಿಯರು ಸಿಟ್ಟಾಗಬಹುದು. ಬೆತ್ತವನ್ನು ಬಿಳಿಯನೇ ತಂದ ಎಂದು ನಾನೂ ಹೇಳುವುದಿಲ್ಲ. ಹಳೆಯ ಕೂಲಿಮಠದ ಐಗಳು ಮಕ್ಕಳನ್ನು ಕೋದಂಡಕ್ಕೆ ಏರಿಸುತ್ತಿದ್ದದ್ದು ನಮ್ಮ ಅಜ್ಜಂದಿರ ಬಾಯಲ್ಲೇ ಕೇಳಿದ್ದೇವೆ. ಏಕಲವ್ಯನ ಹೆಬ್ಬೆರಳು ಕೇಳಿದ್ದು ಯಾವ ಇಂಗ್ಲಿಷ್ ಗುರುವೂ ಅಲ್ಲ. ಬಿಳಿಯ ಬಂದು ಹಳೆಯ ಬೆತ್ತಕ್ಕೆ ಸರ್ಟಿಫಿಕೇಟು, ಸರ್ಕಾರಿ ಸೀಲು, ನೌಕರಿ ಜೋಡಿಸಿದ. ಮೊದಲು ಗುರು ಮುನಿದರೆ ಬಾಸುಂಡೆ. ಈಗ ಗುರು ಮುನಿದರೆ ಸೈನ್ ಇಲ್ಲ, ಇಂಟರ್ನಲ್ ಮಾರ್ಕ್ಸ್ ಇಲ್ಲ, ಕೆಲಸ ಇಲ್ಲ.

ಆದರೆ ನಮ್ಮಲ್ಲಿ ಇನ್ನೊಂದು ಪರಂಪರೆಯೂ ಇದೆ. ಬಸವೇಶ್ವರನಗರ ಎಂದು ಬಡಾವಣೆಗೆ ಹೆಸರಿಟ್ಟು, ಬಸ್ಸಿನ ಬೋರ್ಡಿನಲ್ಲಿ ದಿನಾ ಓದುತ್ತೇವೆ. ಆ ಬಸವಣ್ಣನವರ ಕಾಲದ, ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಚಮ್ಮಾರ, ಅಂಬಿಗ, ಕಸ ಗುಡಿಸುವವರು, ಹೆಂಗಸರು ತಮ್ಮ ಆಡುಮಾತಿನಲ್ಲೇ ದೊಡ್ಡ ಪ್ರಶ್ನೆ ಎತ್ತಿದರು. ಅಲ್ಲಮಪ್ರಭು ಅಕ್ಕಮಹಾದೇವಿಯನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಪರೀಕ್ಷಿಸುವುದನ್ನು 'ಶೂನ್ಯಸಂಪಾದನೆ' ಹೇಳುತ್ತದೆ. ಆಕೆ ಕೈ ಕಟ್ಟಿ ಬಾಯಿ ಮುಚ್ಚಲಿಲ್ಲ. ಒಂದೊಂದಕ್ಕೂ ಎದುರು ನಿಂತು ಉತ್ತರ ಕೊಟ್ಟಳು. ಕೊನೆಗೆ ಅಲ್ಲಮರೇ ಆಕೆಯ ಹಿರಿಮೆಯನ್ನು ಒಪ್ಪಿದರು. ಉತ್ತರ ಕೊಟ್ಟದ್ದರಿಂದ ಅಲ್ಲಮರ ಗುರುತನಕ್ಕೆ ಕುಂದು ಬಂತೇ?

ಹತ್ತಿರದ ಕಾಲಕ್ಕೆ ಬನ್ನಿ. ಕುಪ್ಪಳಿಯ ಹುಡುಗ ಪುಟ್ಟಪ್ಪ ಮೈಸೂರಿನಲ್ಲಿ ಓದುವಾಗ ಇಂಗ್ಲಿಷಿನಲ್ಲೇ ಪದ್ಯ ಬರೆಯುತ್ತಿದ್ದರು. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಪುಸ್ತಿಕೆಯೂ ಬಂತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಹುಡುಗ ತನ್ನ ಇಂಗ್ಲಿಷ್ ಪದ್ಯಗಳನ್ನು ತೋರಿಸಿದರು. ಕಸಿನ್ಸ್ ಹೇಳಿದ್ದು, ನಿನ್ನ ಮಾತೃಭಾಷೆಯಲ್ಲಿ ಬರಿ. ಹುಡುಗನಿಗೆ ಮೊದಲು ಬೇಸರವೇ ಆಯಿತು. ಆಮೇಲೆ ಕನ್ನಡಕ್ಕೆ ತಿರುಗಿದರು, ಕುವೆಂಪು ಆದರು. ಈ ಕಥೆ ಹೇಳಿ ನಾವು ಚಪ್ಪಾಳೆ ತಟ್ಟುತ್ತೇವೆ. ನನಗೆ ಮಾತ್ರ ಇದರಲ್ಲಿ ಒಂದು ಮುಳ್ಳು ಚುಚ್ಚುತ್ತದೆ. ಕನ್ನಡದಲ್ಲಿ ಬರಿ ಎನ್ನಲು ಸಹ ಹೊರಗಿನ ದೊರೆಮುಖವೇ ಬೇಕಾಯಿತಲ್ಲ! ಆ ಕಾಲದ ಕನ್ನಡದ ಹುಡುಗರ ತಲೆಯೊಳಗೆ ಯಾರ ಮಾತಿಗೆ ಬೆಲೆ ಇತ್ತು ನೋಡಿ. ಕಸಿನ್ಸ್ ಇಂಗ್ಲಿಷರ ಆಳ್ವಿಕೆಯನ್ನು ಉಂಡ ಐರ್ಲೆಂಡಿನವರು. ಅವರಿಗೆ ಈ ನೋವು ಗೊತ್ತಿದ್ದಿರಬೇಕು.

ಆದರೆ ಕುವೆಂಪು ಅವರನ್ನು ಕೈ ಹಿಡಿದು ಮುಂದಕ್ಕೆ ಒಯ್ದವರು ನಮ್ಮವರೇ, ಟಿ.ಎಸ್. ವೆಂಕಣ್ಣಯ್ಯ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಶುರುವಾಗಿದ್ದೇ 1927ರಲ್ಲಿ. ಕನ್ನಡ ಓದಿದರೆ ಅನ್ನ ಹುಟ್ಟುತ್ತದೆಯೇ ಎನ್ನುತ್ತಿದ್ದ ಕಾಲ. ಆ ಮೊದಲ ಗುಂಪಿಗೆ ಕುವೆಂಪು ಸೇರುವಂತೆ ಮಾಡಿದವರು ವೆಂಕಣ್ಣಯ್ಯ. ಅವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ಬಂದ 'ಶ್ರೀ ರಾಮಾಯಣ ದರ್ಶನಂ' ಕೃತಿಯನ್ನು ಕುವೆಂಪು ಅರ್ಪಿಸಿದ್ದು ಆ ಮೇಷ್ಟ್ರಿಗೆ. ಕುವೆಂಪು ಯಾರಿಗೂ ಸುಮ್ಮನೆ ತಲೆ ಬಾಗಿಸುವವರಲ್ಲ. ಪುರೋಹಿತಶಾಹಿಯನ್ನು ಎದುರು ಹಾಕಿಕೊಂಡವರು. ಅಂಥವರು ಗುರುವಿಗೆ ಬಾಗಿದರು, ಯಾಕೆಂದರೆ ಆ ಗುರು ಮೊದಲು ಹುಡುಗನಿಗೆ ತಲೆ ಎತ್ತಿ ನಿಲ್ಲಲು ಕಲಿಸಿದ್ದರು. ಗೌರವ ಹಾಗೆ ಬರುತ್ತದೆ. ಸೈನಿನ ಹೆದರಿಕೆಯಿಂದ ಬರುವುದಕ್ಕೆ ಬೇರೆ ಹೆಸರಿದೆ.

ನಾವು ಅರ್ಧ ಕಾಯ್ದೆ ಮಾತ್ರ ಓದಿದೆವು

ಇದೆಲ್ಲ ಭಾಷಾ ಹೋರಾಟಕ್ಕೆ ಯಾಕೆ ಎನ್ನುತ್ತೀರಾ? ಲೆಕ್ಕ ನೋಡಿ. 1982ರ ಗೋಕಾಕ್ ಚಳವಳಿಯಲ್ಲಿ ರಾಜ್‌ಕುಮಾರ್ ಅವರ ಹಿಂದೆ ನಾಡೇ ಬೀದಿಗಿಳಿಯಿತು. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದು ಆದೇಶ ಮಾಡಿತು. 2008ರಲ್ಲಿ ಹೈಕೋರ್ಟು ಅದಕ್ಕೆ ತಡೆಗೋಡೆ ಹಾಕಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು: ಮಗು ಯಾವ ಮಾಧ್ಯಮದಲ್ಲಿ ಓದಬೇಕು ಎಂಬುದು ಪೋಷಕರ ಆಯ್ಕೆ, ಸರ್ಕಾರ ಹೇರುವಂತಿಲ್ಲ. 2019ರಲ್ಲಿ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು.

ಅಂದರೆ ಕಾನೂನಿನ ಬೆತ್ತ ತೋರಿಸಿ ಮಗುವನ್ನು ಕನ್ನಡ ಶಾಲೆಗೆ ತರುವ ದಾರಿ ಮುಚ್ಚಿದೆ. ಇನ್ನು ತಾಯಿ ತಂದೆ ಬಯಸಿ ಬರಬೇಕು. ಅವರು ಬರಬೇಕಾದರೆ ಅಲ್ಲಿ ತಮ್ಮ ಮಗುವಿಗೆ ಮರ್ಯಾದೆ ಇದೆ ಅನಿಸಬೇಕು. ನಮ್ಮ ಬೈಂಡಿಂಗ್ ವಿಭಾಗದ ಹೆಣ್ಣುಮಗಳು ಸಾಲ ಮಾಡಿ ಮಗನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದಾಳೆ. ಯಾಕಮ್ಮಾ ಎಂದರೆ, "ಇಂಗ್ಲಿಷ್ ಬರ್ಲಿ ಅಂತ ಅಣ್ಣ. ಆಮೇಲೆ ಆ ಶಾಲೇಲಿ ನನ್ನನ್ನ ಹೊಡ್ದಂಗೆ ಇವನ್ನ ಹೊಡೀಬಾರ್ದು ಅಂತ" ಎಂದಳು. ಅವಳು ಓದಿದ್ದು ಕನ್ನಡ ಶಾಲೆಯಲ್ಲಿ. ಈ ಉತ್ತರದ ಎರಡನೇ ಭಾಗ ನಮ್ಮ ಯಾವ ಭಾಷಣದಲ್ಲೂ ಬಂದಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮಿನಲ್ಲಿ ಒಂದು ಅಂಶವಿದೆ. ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕು. ಇದನ್ನು ನಾವು ಎಲ್ಲ ಮನವಿಪತ್ರದಲ್ಲೂ ಹಾಕಿದ್ದೇವೆ, ನಾನೇ ಎಷ್ಟೋ ಸಲ ಟೈಪ್ ಮಾಡಿದ್ದೇನೆ. ಅದರ ಕೆಳಗಿನ ಸಾಲನ್ನೇ ನಾವು ಓದಲಿಲ್ಲ. ಮಗು ಭಯ, ಆಘಾತ, ಆತಂಕ ಇಲ್ಲದೆ ತನ್ನ ಅಭಿಪ್ರಾಯವನ್ನು ಸ್ವತಂತ್ರವಾಗಿ ಹೇಳುವಂತಿರಬೇಕು ಎನ್ನುತ್ತದೆ ಆ ಸಾಲು. 17ನೇ ಕಲಮು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಮಾತೃಭಾಷೆ ಮತ್ತು ನಿರ್ಭಯ, ಎರಡನ್ನೂ ಕಾಯ್ದೆ ಅಕ್ಕಪಕ್ಕ ಕೂರಿಸಿದೆ. ನಾವು ಒಂದನ್ನು ಎತ್ತಿಕೊಂಡು ಇನ್ನೊಂದನ್ನು ಬಿಟ್ಟು ಬಂದೆವು. ಬಾಯಿ ಬಿಡಲು ಹೆದರುವ ಮಗುವಿಗೆ ಮಾತೃಭಾಷೆ ಕೊಟ್ಟು ಏನು ಪ್ರಯೋಜನ? ಮೌನಕ್ಕೆ ಯಾವ ಭಾಷೆಯಾದರೇನು?

ಕನ್ನಡದ ಹುಡುಗರೇ, ಒಂದು ಮಾತು

ಗೂಗಿಯವರ ಕಥೆಯಲ್ಲಿ ಒಂದು ಭಾಗ ಉಳಿಸಿಕೊಂಡಿದ್ದೆ. 1977ರಲ್ಲಿ ಅವರು ತಮ್ಮ ಊರಿನ ರೈತರು, ಕೂಲಿಗಳ ಜೊತೆ ಸೇರಿ ಗಿಕುಯು ಭಾಷೆಯಲ್ಲಿ ನಾಟಕ ಆಡಿಸಿದರು. ಸರ್ಕಾರ ನಾಟಕ ನಿಲ್ಲಿಸಿ, ವಿಚಾರಣೆ ಇಲ್ಲದೆ ಜೈಲಿಗೆ ಹಾಕಿತು. ಒಳಗೆ ಟಾಯ್ಲೆಟ್ ಪೇಪರಿನ ಮೇಲೆ ಗಿಕುಯು ಕಾದಂಬರಿ ಬರೆದರು. ಜೈಲಿಗೆ ಹಾಕಿದವರು ಯಾರು? ಬಿಳಿಯರು 1963ರಲ್ಲೇ ಅಧಿಕಾರ ಬಿಟ್ಟಿದ್ದರು. ಹಾಕಿದವರು ಸ್ವಂತ ನಾಡಿನವರು. ಜನ ತಮ್ಮ ಮಾತಿನಲ್ಲಿ ಪ್ರಶ್ನೆ ಕೇಳುವುದನ್ನು ಅವರೂ ಸಹಿಸಲಿಲ್ಲ.

ನಮ್ಮ ಕನ್ನಡ ಸಂಘಟನೆಗಳಲ್ಲಿ ಏನಾಗುತ್ತಿದೆ? ಕರಪತ್ರ ಮಾಡುವವನು ನಾನು, ನನಗೆ ಗೊತ್ತು. ಮೊದಲು ಅಧ್ಯಕ್ಷರ ಫೋಟೋ, ಆಮೇಲೆ ಜಾಗ ಉಳಿದರೆ ಭುವನೇಶ್ವರಿ. 'ಅಣ್ಣ ಹೇಳಿದ್ರು' ಎಂದರೆ ಮುಗಿಯಿತು, ಯಾಕೆ ಎಂದು ಕೇಳುವ ಹುಡುಗ ಮುಂದಿನ ಸಭೆಯಲ್ಲಿ ಇರುವುದಿಲ್ಲ. ಇಲ್ಲಿಯೂ ಕೈ ಕಟ್, ಬಾಯ್ ಮುಚ್. ಪ್ರಬಂಧದ ಹುಡುಗನಿಗೂ ನಮಗೂ ಏನು ವ್ಯತ್ಯಾಸ?

ಹಾಗಾಗಿ ಕೆಲಸ ಹೇಳುತ್ತೇನೆ. ನಿಮ್ಮ ಮನೆಯ ತಮ್ಮ, ತಂಗಿ, ಅಕ್ಕನ ಮಕ್ಕಳ ಶಾಲೆಯ ಡೈರಿ ತೆರೆಯಿರಿ. ಕನ್ನಡಕ್ಕೆ ದಂಡ ಎಂಬ ನಿಯಮ ಇದ್ದರೆ ನಾಲ್ಕು ಜನ ಪೋಷಕರನ್ನು ಕರೆದುಕೊಂಡು ಹೋಗಿ, ಶಿಕ್ಷಣ ಹಕ್ಕು ಕಾಯ್ದೆಯ ಪ್ರತಿ ಮೇಜಿನ ಮೇಲಿಟ್ಟು, ಕೂತು ಮಾತಾಡಿ. ಗಾಜು ಒಡೆಯಬೇಡಿ. ಒಡೆದ ಗಾಜನ್ನು ಗುಡಿಸುವವಳು ಕನ್ನಡದ ಆಯಾ. ಹಾಗೆಯೇ ನಿಮ್ಮ ಪಕ್ಕದ ಸರ್ಕಾರಿ ಕನ್ನಡ ಶಾಲೆಗೆ ಶನಿವಾರ ಹೋಗಿ. ಮಕ್ಕಳಿಗೆ ಭಾಷಣ ಮಾಡಬೇಡಿ, ಅವರ ಮಾತು ಕೇಳಿ. ಯಾವ ಮಗು ಎಷ್ಟು ಹೊತ್ತಿನವರೆಗೂ ಬಾಯಿ ಬಿಡಲಿಲ್ಲ ಎಂದು ಗಮನಿಸಿ, ಮೇಷ್ಟ್ರ ಹತ್ತಿರ ವಿನಯದಿಂದ ಅದರ ಬಗ್ಗೆ ಕೇಳಿ. ಒಳ್ಳೆಯ ಮೇಷ್ಟ್ರು ಸಂತೋಷಪಡುತ್ತಾರೆ. ಅಂಥವರು ಬಹಳ ಜನ ಇದ್ದಾರೆ, ಒಬ್ಬರೇ ಎರಡು ಮೂರು ತರಗತಿ ಎಳೆಯುತ್ತಾ ಸುಸ್ತಾಗಿದ್ದಾರೆ. ಮತ್ತೆ ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಒಬ್ಬರಾದರೂ ಎದ್ದು ನಿಂತು 'ಯಾಕೆ?' ಎಂದು ಕೇಳಿ.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ಕಳೆದ ಮೇ ತಿಂಗಳು ಆ ಶಾಲೆಯ ಡೈರಿ ಆರ್ಡರು ಮತ್ತೆ ಬಂತು. ಒಂಬತ್ತನೇ ನಿಯಮ ತೆಗೆದರೆ ಮಾತ್ರ ಅಚ್ಚು ಹಾಕುತ್ತೇನೆ ಎಂದೆ. ಆಫೀಸಿನವರು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿ ಎದ್ದು ಹೋದರು. ಡೈರಿ ಬೇರೆ ಪ್ರೆಸ್ಸಿನಲ್ಲಿ ಆಯಿತು, ನಿಯಮ ಅಲ್ಲೇ ಇದೆ. ನನಗೆ ಒಂದು ತಿಂಗಳ ಬಾಡಿಗೆಯಷ್ಟು ನಷ್ಟ. ನಾನೊಬ್ಬ ಬೇಡ ಎಂದರೆ ಏನೂ ಆಗುವುದಿಲ್ಲ ಎಂಬುದು ಆವತ್ತೇ ಗೊತ್ತಾಯಿತು. ಅದಕ್ಕೇ ಈ ಬರಹ.

ಪ್ರಬಂಧದ ಹುಡುಗ ಬಿಟ್ಟುಹೋದ ಎರಡು ಪುಟಗಳನ್ನು ನಾನು ಬುಟ್ಟಿಯಿಂದ ಎತ್ತಿಟ್ಟಿದ್ದೇನೆ. ಅವನಿಗೆ ಸೈನ್ ಆಗಲಿ, ಡಾಕ್ಟರೇಟು ಬರಲಿ, ಕೆಲಸ ಸಿಗಲಿ. ಮುಂದೊಂದು ದಿನ ಅವನೇ ಗೈಡ್ ಆಗುತ್ತಾನೆ. ಅವನ ಮುಂದೆ ಒಬ್ಬ ವಿದ್ಯಾರ್ಥಿ ಬಂದು "ಸಾರ್, ನೀವು ಬರೆದದ್ದು ನಾನು ಒಪ್ಪಲ್ಲ" ಎಂದು ನಿಲ್ಲುತ್ತಾನೆ. ಆ ಹೊತ್ತಿಗೆ ಅವನು ಬಂದು ಕೇಳಿದರೆ ಎರಡು ಪುಟ ನನ್ನ ಟೇಬಲ್ ಡ್ರಾನಲ್ಲಿ ಇರುತ್ತವೆ.